ಅನ್ನಪೂರ್ಣೆಗೆ ಮುಖ ಬಂದದ್ದು

೧೯೮೭ರ ನವೆಂಬರ್ ೧೯, ಗುರುವಾರ. ನನ್ನ ಆ ವರ್ಷದ ದಿನಚರಿಯಲ್ಲಿ ಹೀಗಿದೆ: ‘ಮಧ್ಯಾಹ್ನ ಆಶ್ರಮ. ಅವ್ವನವರು ಶಿಲ್ಪಿಗೆ ಎರಡು ಮಾತು ಹೇಳಿದರು. ನಾನು ಪಕ್ಕದಲ್ಲೇ ಇದ್ದೆ.’ ಅದಕ್ಕಿಂತ ಹೆಚ್ಚು ಬರೆಯಲು ಅಂದು ಕೈ ಓಡಲಿಲ್ಲ. ತಮ್ಮ ಮನಸ್ಸಿನಲ್ಲಿ ನಡೆದದ್ದನ್ನು ಶಿಲ್ಪಿಗಳೇ ಮುಂದೆ ತಿಳಿಸಿದ್ದರಿಂದ ಈಗ ಪೂರ್ತಿ ಬರೆದಿಡುತ್ತಿದ್ದೇನೆ.

ಪೂಜ್ಯ ಗೌರಾಂಬಿಕಾ ತಾಯಿಯವರು ಬಾದಾಮಿ ಸೀಮೆಯ ಕೆಂಪು ಗುಡ್ಡವೊಂದರ ಬುಡದಲ್ಲಿ, ತಗಡಿನ ಛಾವಣಿಯ ಎರಡು ಕೋಣೆಗಳಲ್ಲಿ ವಾಸವಾಗಿದ್ದರು. ಭಕ್ತರ ಪಾಲಿಗೆ ಅವರು ಅವ್ವನವರು. ಉಪದೇಶಕ್ಕೆಂದು ಪೀಠವಿರಲಿಲ್ಲ, ಅಡುಗೆಮನೆಯ ಹೊಸ್ತಿಲ ಬಳಿ ಜೋಳ ಹಸನು ಮಾಡುತ್ತ ಕುಳಿತಿರುತ್ತಿದ್ದರು. ಬಂದವರಿಗೆ ಮೊದಲು ಊಟ, ಆಮೇಲೆ ಮಾತು.

ಊಟದ ಮನೆಗೆ ಅನ್ನಪೂರ್ಣೆಯ ಮೂರ್ತಿ ಬೇಕೆಂದು ಭಕ್ತರು ಕರೆಸಿದ್ದು ಮಾನಪ್ಪ ಬಡಿಗೇರರನ್ನು. ಕಲಾಶಾಲೆಯಲ್ಲಿ ಕಲಿತು, ಮುಖವಿಲ್ಲದ ಹೆಂಗಸರ ಶಿಲ್ಪಗಳಿಂದ ದೂರದ ಊರುಗಳಲ್ಲೂ ಹೆಸರಾದವರು. ನೀರು ಹೊರುವವಳು, ಬೀಸುವವಳು, ಜಡೆ ಹೆಣೆದುಕೊಳ್ಳುವವಳು, ಎಲ್ಲರೂ ಬೆರಳಿನ ಗೆಣ್ಣು ಸಹಿತ ಜೀವಂತ. ಮುಖ ಮಾತ್ರ ಮೊಟ್ಟೆಯ ಹಾಗೆ ನುಣ್ಣಗೆ. ಸಾಧು ಸಂತರಲ್ಲಿ ತಮಗೆ ನಂಬಿಕೆಯಿಲ್ಲವೆಂದು ಮೊದಲ ದಿನವೇ ಹೇಳಿಬಿಟ್ಟಿದ್ದರು. ಒಳ್ಳೆಯ ಕರಿಗಲ್ಲು ಸಿಕ್ಕಿತ್ತು, ಅದಕ್ಕಾಗಿ ಬಂದಿದ್ದರು.

ದೇವಿ ಕುಳಿತಳು. ಸೀರೆಗೆ ನಿರಿಗೆ ಬಂತು, ಕೈಗೆ ಸೌಟು ಬಂತು. ಮುಖದ ಜಾಗ ಮಾತ್ರ ಬರಿಯ ಉಂಡೆಗಲ್ಲಾಗಿ ಉಳಿಯಿತು. ಭಕ್ತರಲ್ಲಿ ಹಿರಿಯರಾದ ಗುರುಪಾದಪ್ಪನವರು ಮೊದಲು ಮೆತ್ತಗೆ ಕೇಳಿ ನೋಡಿ, ಆ ಗುರುವಾರ ಅಂದೇಬಿಟ್ಟರು: “ಅಲ್ರೀ, ಮಾರೀನ ಇಲ್ಲಾಂದ್ರ ದೇವಿಗೆ ಕುಂಕುಮ ಎಲ್ಲಿ ಹಚ್ಚೋಣು? ಸೌಟಿಗೇನು?”

ಸುತ್ತಲಿದ್ದವರು ನಕ್ಕರು. ಮಾನಪ್ಪನವರು ಕೆರಳಿದರು. ಇದು ಹೀಗೆಯೇ ಇರುತ್ತದೆ, ಬೇಡವಾದರೆ ಈಗಲೇ ಹೊರಟೆ ಎಂದು ಉಳಿಗಳನ್ನು ಚೀಲಕ್ಕೆ ತುಂಬತೊಡಗಿದರು.

ಗದ್ದಲ ಕೇಳಿ ಅವ್ವನವರು ಜೋಳದ ಮೊರ ಕೆಳಗಿಟ್ಟು ಬಂದರು. ಮೂರ್ತಿಯ ಸುತ್ತ ಒಮ್ಮೆ ನಡೆದು, ಮುಖ ಏಕೆ ಉಳಿಸಿದ್ದೀ ಎಂದು ವಿಚಾರಿಸಿದರು. ಮಾನಪ್ಪನವರು ವಿವರಿಸಿದರು. ಮುಖವೆಂದರೆ ಒಂದು ಗಡಿ. ಮುಖ ಕೊಟ್ಟೊಡನೆ ಹೆಣ್ಣು ಯಾರೋ ಒಬ್ಬಳಾಗಿಬಿಡುತ್ತಾಳೆ. ಖಾಲಿ ಬಿಟ್ಟರೆ ನೋಡುವವನು ತನ್ನವಳನ್ನು ಅಲ್ಲಿ ತುಂಬಿಕೊಳ್ಳುತ್ತಾನೆ. ಪತ್ರಿಕೆಗಳು ಬಹಳ ಮೆಚ್ಚಿದ್ದ ವಿಚಾರವಿದು.

ಅವ್ವನವರು ಕೊನೆಯವರೆಗೂ ಕೇಳಿದರು. “ಇದು ಮಂದಿಗೆ ಹೇಳೂದು ಆತು. ನನಗ ಹೇಳು.”

ಮಾನಪ್ಪನವರು ಉಳಿಗಳ ಚೀಲ ಕೆಳಗಿಟ್ಟರು. ಯಾರಿಗೂ ಹೇಳದ್ದು ಹೊರಗೆ ಬಂತು. ಅವರು ಅಂಬೆಗಾಲಿಡುವ ಮೊದಲೇ ತಾಯಿ ತೀರಿಕೊಂಡಿದ್ದರು. ಒಂದು ಫೋಟೋ ಕೂಡ ಇರಲಿಲ್ಲ. ಚಿಕ್ಕವರಿದ್ದಾಗ ಕಂಡಕಂಡವರನ್ನೆಲ್ಲ ಕೇಳಿದ್ದರು. ಒಬ್ಬ ಅತ್ತೆ ಅವಳದು ನಿನ್ನ ಹಾಗೇ ನೀಳ ಮೂಗು ಎಂದರೆ, ಇನ್ನೊಬ್ಬ ಅತ್ತೆ ಮೊಂಡ ಮೂಗು ಎಂದಿದ್ದಳು. ತಂದೆಯಂತೂ ‘ಎಲ್ಲಾರಂಗ ಇದ್ಳಪಾ’ ಎಂದು ಎದ್ದು ಹೊರಗೆ ಹೋಗಿದ್ದರು. ಉಳಿ ಹಿಡಿದ ದಿನದಿಂದ ಹುಡುಕಿದ್ದು ಆ ಒಂದು ಮುಖವನ್ನೇ. ಯಾವ ಮುಖ ಕಡೆಯಲು ಹೋದರೂ ಇದು ಅವಳಲ್ಲ ಎನ್ನಿಸಿ ಕೈ ನಿಲ್ಲುತ್ತಿತ್ತು. ಖಾಲಿ ಬಿಟ್ಟದ್ದು ತತ್ವಕ್ಕಾಗಿ ಅಲ್ಲ, ಗೊತ್ತಿಲ್ಲದ್ದಕ್ಕಾಗಿ.

ಅವ್ವನವರು ಅವರ ತಲೆಯ ಮೇಲಿನ ಕಲ್ಲಿನ ಪುಡಿಯನ್ನು ಕೈಯಿಂದ ಕೊಡವಿದರು.

“ನೀ ಆಕೀನ್ನ ನೋಡಿಲ್ಲ, ಖರೆ. ಆಕಿ ನಿನ್ನ ನೋಡ್ಯಾಳಲ್ಲ, ತಮ್ಮಾ. ಅದನ್ನ ಕಡಿ.”

ಅಷ್ಟೇ. ಮೊರ ಎತ್ತಿಕೊಂಡು ಮತ್ತೆ ಜೋಳಕ್ಕೆ ಕುಳಿತರು.

ಸಮಾಧಾನಕ್ಕೆ ಹೇಳಿದ ಮಾತು ಎಂದುಕೊಂಡರು ಮಾನಪ್ಪನವರು. ಆದರೆ ಚೀಲ ಹೆಗಲಿಗೇರಲಿಲ್ಲ. ಮಡಿಲಲ್ಲಿ ಮಲಗಿದ ಕೂಸನ್ನು ನೋಡುವವಳ ರೆಪ್ಪೆ ಎಷ್ಟು ಇಳಿಯುತ್ತದೆ, ಗದ್ದ ಎಲ್ಲಿಗೆ ಬಾಗುತ್ತದೆ, ತುಟಿಯ ಅಂಚು ಹೇಗೆ ಸಡಿಲಾಗುತ್ತದೆ? ಇದು ಮೂಗಿನ ಪ್ರಶ್ನೆಯೇ ಅಲ್ಲವೆಂದು ಆಗ ಹೊಳೆಯಿತು. ಮರುದಿನ ಮೂರ್ತಿಯನ್ನು ದಿಮ್ಮಿಗಳ ಮೇಲೇರಿಸಿ ಮುಂದಕ್ಕೆ ಬಾಗಿಸಿ, ಕೆಳಗೆ ಗೋಣಿತಟ್ಟು ಹಾಸಿ, ದೇವಿಯ ಮಡಿಲಿನ ಮುಂದೆ, ಮುಖದ ನೇರ ಕೆಳಗೆ ಅಂಗಾತ ಮಲಗಿದರು. ಅಲ್ಲಿಂದ ನೋಡುವುದು, ಎದ್ದು ಒಂದು ಚೂರು ತೆಗೆಯುವುದು, ಮತ್ತೆ ಮಲಗುವುದು. ಕಣ್ಣಿನ ಕೆಲಸ ಬಂದಾಗ ಎದ್ದೇಳುವುದನ್ನೂ ಬಿಟ್ಟು, ಮಲಗಿದಲ್ಲಿಂದಲೇ ಕೈ ಚಾಚಿ ಕಡೆದರು. ಚಕ್ಕೆ ಬೀಳುತ್ತದೆ, ಕನ್ನಡಕ ಹಾಕಿಕೊಳ್ಳಿ ಎಂದು ಗುರುಪಾದಪ್ಪನವರು ಗೋಗರೆದರು. ಗಾಜಿನ ಹಿಂದಿದ್ದರೆ ಅವಳು ನನ್ನನ್ನು ನೋಡುತ್ತಿದ್ದಾಳೋ ಇಲ್ಲವೋ ತಿಳಿಯುವುದಿಲ್ಲ ಎಂದರು ಮಾನಪ್ಪನವರು.

ಚಕ್ಕೆ ಎಡಗಣ್ಣಿಗೆ ಬಿದ್ದೇಬಿಟ್ಟಿತು. ಹುಬ್ಬಳ್ಳಿಯ ಆಸ್ಪತ್ರೆಯಿಂದ ಪಟ್ಟಿ ಕಟ್ಟಿಸಿಕೊಂಡು ಬಂದು, ಉಳಿದ ಕೆಲಸವನ್ನು ಒಂದೇ ಕಣ್ಣಿನಲ್ಲಿ ಮುಗಿಸಿದರು.

ಮುಖ ಪೂರ್ಣವಾದ ಮಧ್ಯಾಹ್ನ ಊಟಕ್ಕೆ ಕರೆಯಲು ಹೋದವಳು ನಾನೇ. ನರೆತ ತಲೆಯ ಆ ಮನುಷ್ಯರು ಗೋಣಿತಟ್ಟಿನ ಮೇಲೆ ಮಲಗಿ ಮೇಲಕ್ಕೆ ನೋಡುತ್ತಿದ್ದರು. ಇನ್ನೊಂದಿಷ್ಟು ಹೊತ್ತು ಎಂದು ಕೈಯಲ್ಲೇ ಸನ್ನೆ ಮಾಡಿದರು. ವಿಷಯ ತಿಳಿದು ಅವ್ವನವರು ತಾವೇ ತಾಟು ತಂದು ಪಕ್ಕದಲ್ಲಿಟ್ಟರು, ಯಾರೂ ಎಬ್ಬಿಸಬಾರದೆಂದರು. ಸಂಜೆ, ಯಾರಿಗೂ ಕೈ ಮುಗಿಯದ ಮಾನಪ್ಪನವರು ಬಂದು ಅವ್ವನವರ ಪಾದದ ಮೇಲೆ ಹಣೆಯಿಟ್ಟರು.

ಅದು ಅವರ ತಾಯಿಯ ಮುಖವೇ ಎಂದು ಹೇಳಬಲ್ಲವರು ಯಾರೂ ಉಳಿದಿಲ್ಲ. ಮಾನಪ್ಪನವರೂ ಯಾರನ್ನೂ ಕೇಳಲು ಹೋಗಲಿಲ್ಲ.

ಇದಕ್ಕೆ ತೆತ್ತದ್ದನ್ನೂ ಬರೆಯಬೇಕು. ಎಡಗಣ್ಣು ಪೂರ್ತಿ ಹೋಯಿತು. ಒಂದು ಕಣ್ಣಿಗೆ ಕಲ್ಲಿನ ಆಳ ಸಿಗುವುದಿಲ್ಲ. ಏಟು ಹೆಚ್ಚು ಕಡಿಮೆಯಾಗುತ್ತದೆ. ಆಮೇಲೆ ಅವರು ಮಣ್ಣಿನಲ್ಲಿ ಮಾತ್ರ ಕೆಲಸ ಮಾಡಿದರು. ಅನ್ನಪೂರ್ಣೆಯೇ ಅವರು ಕಡೆದ ಕೊನೆಯ ಕಲ್ಲು.