ಕಾಡಿಗಪ್ಪ ಪಿಂಡ ಮುಟ್ಟದ ದಿನ

ಹೊಳೆಯೊಂದು ಕಾಡನ್ನು ದಾಟಿ ಊರಿನ ಕಡೆ ತಿರುಗುವ ಜಾಗದಲ್ಲಿ ಕಲ್ಲುಮೆಟ್ಟಿಲಿನ ಸ್ನಾನಘಟ್ಟವಿತ್ತು. ಅಲ್ಲಿಂದ ನಾಲ್ಕು ಕೂಗಳತೆ ದೂರ, ಕಾಡಿನೊಳಗಿನ ಇಪ್ಪೆಮರದ ಮೇಲೆ ಒಂದು ಕಾಗೆ ಸಂಸಾರ. ಗಂಡ ಕಾಡಿಗಪ್ಪ, ಹೆಂಡತಿ ನೇರಳವ್ವ, ರೆಕ್ಕೆ ಬಲಿಯದ ನಾಲ್ಕು ಮರಿಗಳು.

ಮಕ್ಕಳೇ, ಆ ಘಟ್ಟಕ್ಕೆ ಜನ ಯಾಕೆ ಬರುತ್ತಿದ್ದರು ಗೊತ್ತೇ? ತೀರಿಹೋದ ಹಿರಿಯರಿಗೆ ಶ್ರಾದ್ಧ ಮಾಡುವುದಕ್ಕೆ. ಅನ್ನದ ಉಂಡೆ ಕಟ್ಟಿ, ಎಳ್ಳು ಹಾಕಿ, ಬಾಳೆಲೆಯ ಮೇಲೆ ಇಡುತ್ತಿದ್ದರು. ಅದೇ ಪಿಂಡ. ಕಾಗೆ ಬಂದು ಪಿಂಡ ಮುಟ್ಟಿದರೆ ಹಿರಿಯರೇ ಬಂದು ಮುಟ್ಟಿದ ಹಾಗೆ ಎಂದು ಅವರ ನಂಬಿಕೆ. ಮುಟ್ಟದಿದ್ದರೆ ಹಿರಿಯರಿಗೆ ಏನೋ ಆಸೆ ಉಳಿದಿದೆ, ಯಾವುದೋ ಬೇಸರವಿದೆ ಎಂದು ಕಳವಳಪಡುತ್ತಿದ್ದರು.

ಕಾಡಿಗಪ್ಪನಿಗೆ ಇದೆಲ್ಲ ಗೊತ್ತಿರಲಿಲ್ಲ. ಅನ್ನ ಕಂಡರೆ ಇಳಿಯುತ್ತಿದ್ದ, ಕೊಕ್ಕಿನ ತುಂಬ ಕಚ್ಚಿಕೊಂಡು ಗೂಡಿಗೆ ಹಾರುತ್ತಿದ್ದ. ಮರಿಗಳು ತಿಂದು ಮಲಗುತ್ತಿದ್ದವು. ತಲೆನೋವಿಲ್ಲದ ಬಾಳು!

ಒಂದು ಬೆಳಿಗ್ಗೆ ಅವನ ಕೊಕ್ಕಿಗೆ ಹಲಸಿನ ಅಂಟು ಮೆತ್ತಿಕೊಂಡಿತ್ತು. ಘಟ್ಟದ ಪಕ್ಕದ ಹೊಂಗೆಕೊಂಬೆಗೆ ಕೊಕ್ಕು ಉಜ್ಜುತ್ತಾ ಕುಳಿತ. ಕೆಳಗೆ ಪಿಂಡ ಇಟ್ಟವರು ಕಾದರು, ಕಾದರು. ಕೊನೆಗೆ ಮುದುಕನೊಬ್ಬ ಎದ್ದು ನಿಂತು, ಕಾಡಿಗಪ್ಪನಿಗೇ ಕೈಮುಗಿದ.

"ಅಪ್ಪಯ್ಯಾ, ಯಾಕಪ್ಪಾ ಮುನಿಸು? ತಂಗೀನ ನಾನು ಚೆನ್ನಾಗಿ ನೋಡ್ಕೋತೀನಿ. ಬಾರಪ್ಪಾ, ಬಂದು ಮುಟ್ಟು!"

ಕಾಡಿಗಪ್ಪ ಹಿಂದೆ ತಿರುಗಿ ನೋಡಿದ. ಯಾರೂ ಇಲ್ಲ. 'ಅಪ್ಪಯ್ಯ ಅಂದರೆ ನಾನೇ? ಇವನ ತಲೆ ಪೂರ್ತಿ ಬೆಳ್ಳಗಾಗಿದೆ. ನಾನು ಹುಟ್ಟಿದ್ದು ಮೊನ್ನೆ ಮೊನ್ನೆ. ನಾನು ಇವನಿಗೆ ಅಪ್ಪನಾದದ್ದು ಯಾವಾಗ?'

ಮರುದಿನ ಬೇಕೆಂದೇ ಸ್ವಲ್ಪ ತಡಮಾಡಿದ. ಇನ್ನೊಂದು ಮನೆಯವರು "ಅಜ್ಜೀ, ಬಾ ಅಜ್ಜೀ" ಎಂದು ಕರೆದರು. ಅದರ ಮರುದಿನ "ದೊಡ್ಡಪ್ಪಾ" ಎಂದರು. ಕಾಡಿಗಪ್ಪನಿಗೆ ತಲೆ ಚಿಟ್ಟು ಹಿಡಿಯಿತು.

ಗೂಡಿಗೆ ಬಂದು ಕೇಳಿದ, "ಲೇ, ನಾನು ಯಾರೇ?"

"ನಾಲ್ಕು ಮರಿಗಳ ಅಪ್ಪ. ಇನ್ನೊಂದು ತುತ್ತು ತಗೊಂಡು ಬನ್ನಿ" ಎಂದಳು ನೇರಳವ್ವ.

ಇಷ್ಟು ಸಣ್ಣ ಉತ್ತರ ಅವನಿಗೆ ಹಿಡಿಸಲಿಲ್ಲ. ಪಾಠಶಾಲೆಯ ಮಾಡಿನಲ್ಲಿ ವಾಸವಾಗಿದ್ದ ಪಚ್ಚೆಶಾಸ್ತ್ರಿ ಎಂಬ ಗಿಳಿಯ ಹತ್ತಿರ ಹೋದ. ಆತ ದಿನವೂ ವೇದಪಾಠ ಕೇಳಿಸಿಕೊಳ್ಳುತ್ತಿದ್ದ.

ಪಚ್ಚೆಶಾಸ್ತ್ರಿ ಕಣ್ಣು ಮುಚ್ಚಿ ಹೇಳಿದ, "ಎಲ್ಲ ಜೀವದೊಳಗೂ ಇರೋದು ಒಂದೇ ಕಣಯ್ಯಾ. ನೀನೂ ಅದೇ, ನಾನೂ ಅದೇ, ಆ ಮುದುಕನ ಅಪ್ಪನೂ ಅದೇ."

"ಹಾಗಾದರೆ ನಾನು ಅವನ ಅಪ್ಪ ತಾನೇ?"

"ಹೌದು ಅಂದರೆ ಹೌದು. ಅಲ್ಲ ಅಂದರೆ ಅಲ್ಲ."

"ಸರಿಯಾಗಿ ಹೇಳಿ ಸ್ವಾಮೀ!"

"ಮುಂದಿನ ಪಾಠ ನಡೆಯೋವಾಗ ನಾನು ಸೀಬೆಹಣ್ಣು ತಿನ್ನೋಕೆ ಹೋಗಿದ್ದೆ" ಎಂದು ಪಚ್ಚೆಶಾಸ್ತ್ರಿ ಕೆಮ್ಮಿದ.

ಕಾಡಿಗಪ್ಪ ಕೊಳದ ಆಮೆ ಚಿಪ್ಪಜ್ಜನನ್ನು ಕೇಳಿದ. ಚಿಪ್ಪಜ್ಜನಿಗೆ ಪುರಾಣಗಳೆಲ್ಲ ಬಾಯಿಪಾಠ.

"ಕಾಗೆ ಶನಿದೇವರ ವಾಹನ ಅಂತಾರೆ ಮಗಾ. ಯಮನ ದೂತ ಅಂತಲೂ ಅಂತಾರೆ. ಹಿರಿಯರೇ ಕಾಗೆ ರೂಪದಲ್ಲಿ ಬರ್ತಾರೆ ಅಂತಲೂ ಉಂಟು."

"ಈ ಮೂರರಲ್ಲಿ ನಾನು ಯಾವುದಜ್ಜಾ?"

"ಅದು ನನಗೇನು ಗೊತ್ತು? ದೇವರೇ ಆಮೆಯಾಗಿ ಬಂದು ಬೆನ್ನ ಮೇಲೆ ಬೆಟ್ಟ ಹೊತ್ತಿದ್ದ ಅಂತ ನಮ್ಮಪ್ಪ ಕತೆ ಹೇಳಿದ್ದ. ಅದನ್ನ ಕೇಳಿ ನಾನೂ ಒಂದು ಗುಂಡುಕಲ್ಲು ಹೊರೋಕೆ ಹೋದೆ. ಮೂರು ದಿನ ಅಂಗಾತ ಬಿದ್ದಿದ್ದೆ ನೋಡು!"

ಬುದ್ಧಿಯಿದ್ದವನಾಗಿದ್ದರೆ ಅಲ್ಲಿಗೇ ಎಚ್ಚೆತ್ತುಕೊಳ್ಳುತ್ತಿದ್ದ. ಕಾಡಿಗಪ್ಪನ ಕಿವಿಯಲ್ಲಿ ಉಳಿದದ್ದು ಮಾತ್ರ 'ಹಿರಿಯರೇ ಕಾಗೆ ರೂಪದಲ್ಲಿ' ಎಂಬ ಮಾತು. 'ಸರಿ, ನಾನು ಹಿರಿಯನೇ! ಕೈಮುಗಿಯುವವರು ಸುಳ್ಳು ಹೇಳುತ್ತಾರೆಯೇ?'

ಅಂದಿನಿಂದ ಅವನ ಬಿಂಕ ಹೇಳತೀರದು. ಮೂರು ಸಲ ಕರೆಸಿಕೊಳ್ಳದೆ ಕೊಂಬೆ ಬಿಟ್ಟು ಇಳಿಯುತ್ತಿರಲಿಲ್ಲ. ಮೂರು ಐದಾಯಿತು, ಐದು ಹತ್ತಾಯಿತು. ಜನ ಉಂಡೆಯ ಪಕ್ಕದಲ್ಲಿ ವಡೆ ಇಟ್ಟರು, ಪಾಯಸ ಇಟ್ಟರು. ಅಣ್ಣತಮ್ಮಂದಿರು ಇನ್ನು ಜಗಳವಾಡುವುದಿಲ್ಲ ಎಂದು ಅವನ ಮುಂದೆ ಮಾತು ಕೊಟ್ಟರು. ಅವನೂ ಗಂಭೀರವಾಗಿ ತಲೆಯಾಡಿಸಿದ.

ಆದರೆ ಗೊಂದಲ ಕಳೆಯಲಿಲ್ಲ, ಇನ್ನೂ ಹೆಚ್ಚಾಯಿತು. ನಿನ್ನೆ ಅಪ್ಪ, ಇವತ್ತು ಅಜ್ಜಿ. ಅಜ್ಜಿಯಾದವಳು ಕೊಂಬೆಯ ಮೇಲೆ ಹೇಗೆ ಕೂರಬೇಕು? ಸೊಂಟ ಬಗ್ಗಿಸಿ ನೋಡಿದ, ಜಾರಿಬಿದ್ದ. ದೊಡ್ಡಪ್ಪನಾದ ದಿನ ಕುಂಟುತ್ತಾ ನಡೆದ. ಗೂಡಿಗೆ ಬಂದವನು ಮರಿಗಳನ್ನು "ಮೊಮ್ಮಕ್ಕಳೇ" ಎಂದು ಕರೆದ.

"ಮೊಮ್ಮಕ್ಕಳಾ?" ನೇರಳವ್ವ ಸಿಡಿದಳು. "ರೀ, ಇವು ನಿಮ್ಮ ಮಕ್ಕಳು! ಬೆಳಿಗ್ಗೆ ಹೋದವರು ಮಧ್ಯಾಹ್ನ ಬರ್ತೀರಿ, ಅದೂ ಅರ್ಧ ಕೊಕ್ಕು ಅನ್ನ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅನ್ನೋ ಹಾಗಾಯ್ತು ನಮ್ಮ ಬಾಳು."

"ಹಿರಿಯರ ಜೊತೆ ಹಾಗೆ ಮಾತಾಡಬಾರದು" ಎಂದ ಕಾಡಿಗಪ್ಪ. ಅಂದವನಿಗೇ ಅನುಮಾನ ಬಂತು, ತಾನು ಇವಳಿಗೆ ಗಂಡನೋ ಮಾವನೋ ಎಂದು!

ಅಷ್ಟರಲ್ಲಿ ಮಳೆ ಹಿಡಿಯಿತು. ಮೂರು ದಿನ ಬಿಡಲೇ ಇಲ್ಲ. ಘಟ್ಟಕ್ಕೆ ಯಾರೂ ಬರಲಿಲ್ಲ, ಹುಳಹುಪ್ಪಟೆ ಸಿಗಲಿಲ್ಲ. ನಾಲ್ಕನೆಯ ಬೆಳಿಗ್ಗೆ ಮಳೆ ಸ್ವಲ್ಪ ಹೊಳವಾದಾಗ ಮೂರು ಮರಿಗಳು ಬಾಯಿ ತೆರೆದು ಅಳುತ್ತಿದ್ದವು. ಎಲ್ಲಕ್ಕಿಂತ ಚಿಕ್ಕದು ಕತ್ತು ಎತ್ತಲೇ ಇಲ್ಲ.

ನೇರಳವ್ವ ಈಗ ಬೈಯಲಿಲ್ಲ. "ರೀ, ಇವತ್ತು ತಡಮಾಡಬೇಡಿ. ಇದು ಉಳಿಯೋದಿಲ್ಲ" ಎಂದಳು. ಕಾಡಿಗಪ್ಪ ಆ ಕ್ಷಣವೇ ಹಾರಿದ.

ಘಟ್ಟದಲ್ಲಿ ಸುಭದ್ರಮ್ಮ ಎಂಬಾಕೆ ತನ್ನ ತಮ್ಮನ ಜೊತೆ ಬಂದಿದ್ದಳು. ಅವರ ತಂದೆಯ ಶ್ರಾದ್ಧ. ಪುರೋಹಿತರು ಪಿಂಡ ಇಡಿಸಿದರು. ಕಾಡಿಗಪ್ಪ ಇಳಿಯಲು ರೆಕ್ಕೆ ಬಿಚ್ಚಿದ. ಅಷ್ಟರಲ್ಲಿ ಸುಭದ್ರಮ್ಮ, "ಅಪ್ಪಯ್ಯಾ, ನಿನ್ನ ಕೊನೆಗಾಲದಲ್ಲಿ ನಾನು ಹತ್ತಿರ ಇರಲಿಲ್ಲ. ತಪ್ಪಾಯ್ತು" ಎಂದು ಬಿಕ್ಕಿದಳು.

ರೆಕ್ಕೆ ತಾನಾಗಿ ಮಡಚಿಕೊಂಡಿತು. 'ಅಯ್ಯೋ, ಮಗಳು ಅಳುತ್ತಿದ್ದಾಳೆ. ಇಷ್ಟು ಬೇಗ ಇಳಿದರೆ ಅಪ್ಪನ ಮರ್ಯಾದೆ ಏನಾಗಬೇಕು? ಆದರೆ ಗೂಡಿನಲ್ಲಿ... ಗೂಡಿನಲ್ಲಿರುವವರು ಯಾರ ಮಕ್ಕಳು? ಇವಳು ಯಾರ ಮಗಳು? ಇನ್ನೊಂದೇ ಸಲ ಕರೆಯಲಿ.'

ಕರೆದರು. ಇನ್ನೊಂದು ಸಲ ಎಂದುಕೊಂಡ. ಮತ್ತೆ ಕರೆದರು. ಕಾಡಿಗಪ್ಪ ಕತ್ತು ಓರೆಮಾಡಿ ಕುಳಿತೇ ಇದ್ದ.

"ಹೊಳೆ ಏರ್ತಾ ಇದೆ. ಇನ್ನು ಕಾಯೋದಕ್ಕಾಗಲ್ಲ" ಎಂದರು ಪುರೋಹಿತರು. ಎರಡು ಎಳೆ ದರ್ಭೆಹುಲ್ಲು ತೆಗೆದುಕೊಂಡು, ಬಗ್ಗಿಸಿ, ಗಂಟು ಹಾಕಿ, ಚೂಪಾಗಿ ಒಂದು ಕೊಕ್ಕು ಮಾಡಿದರು. "ಕಾಗೆ ಬರದಿದ್ದರೆ ದರ್ಭೆಯ ಕಾಗೆ. ನಮ್ಮ ಕಡೆ ಹೀಗೂ ಉಂಟಮ್ಮ" ಎಂದು ಆ ಹುಲ್ಲನ್ನು ಪಿಂಡಕ್ಕೆ ಮುಟ್ಟಿಸಿದರು.

ಸುಭದ್ರಮ್ಮ ಹುಲ್ಲಿನ ಕಾಗೆಗೆ ಅಡ್ಡಬಿದ್ದಳು. "ಬಂದೆಯಲ್ಲಾ ಅಪ್ಪಯ್ಯಾ!" ಎಂದಳು. ಅವಳ ಮುಖದಲ್ಲಿ ನೆಮ್ಮದಿ ತುಂಬಿತ್ತು. ಅವಳ ತಮ್ಮ ಪಿಂಡವನ್ನೆತ್ತಿ ಹೊಳೆಗೆ ಬಿಟ್ಟ.

ಕಾಡಿಗಪ್ಪ ದಿಗಿಲುಬಿದ್ದು ಕೆಳಗಿಳಿದ. ಅಷ್ಟರಲ್ಲಿ ಕೆಂಪು ನೀರು ಉಂಡೆಯನ್ನು ನುಂಗಿಯಾಗಿತ್ತು. "ಅಪ್ಪಯ್ಯ ನಾನು! ಅದು ಬರೀ ಹುಲ್ಲು!" ಎಂದು ಕೂಗಿದ. ಅವರಿಗೆ ಕೇಳಿಸಿದ್ದು "ಕಾ, ಕಾ" ಎಂದಷ್ಟೇ. 'ಹುಲ್ಲಿಗೂ ಅಪ್ಪಯ್ಯ ಅನ್ನುತ್ತಾರೆಯೇ? ಹಾಗಾದರೆ ಇಷ್ಟು ದಿನ ಕೈಮುಗಿದದ್ದು ಯಾರಿಗೆ?' ಅವನಿಗೆ ತಲೆಬುಡ ತಿಳಿಯಲಿಲ್ಲ. ತಿಳಿದದ್ದು ಒಂದೇ, ಕೊಕ್ಕು ಖಾಲಿ. ನಾಚಿಕೆಯೂ ದುಃಖವೂ ಒಟ್ಟಿಗೇ ಬಂದವು. ಮೆಟ್ಟಿಲಿನ ಮೇಲೆ ಅಂಗಲಾಚಿ ಕೂಗಿದ.

ಹೊರಟಿದ್ದ ಸುಭದ್ರಮ್ಮ ತಿರುಗಿ ನೋಡಿದಳು. "ಪಾಪ, ಯಾವುದೋ ಕಾಗೆ. ಮಳೇಲಿ ಹಸಿದಿದೆ" ಎಂದು ಪಾತ್ರೆಯ ತಳದಲ್ಲಿ ಉಳಿದಿದ್ದ ಅನ್ನವನ್ನು ಕೆರೆದು ಮೆಟ್ಟಿಲಿಗೆ ಹಾಕಿದಳು.

ಯಾವುದೋ ಕಾಗೆ! ನಿನ್ನೆಯಾಗಿದ್ದರೆ ಆ ಮಾತಿಗೆ ಸಿಟ್ಟಾಗುತ್ತಿದ್ದ. ಇವತ್ತು ಆ ಕಾಗೆ ಕೊಕ್ಕು ತುಂಬಿಕೊಂಡು, ಒಂದು ಅಗುಳೂ ನುಂಗದೆ, ಬಾಣದಂತೆ ಹಾರಿತು.

ನೇರಳವ್ವ ಅನ್ನವನ್ನು ಮೆದುಮಾಡಿ ಚಿಕ್ಕ ಮರಿಯ ಬಾಯಿಗಿಟ್ಟಳು. ಅದು ನುಂಗಲಿಲ್ಲ. ಮತ್ತೊಂದು ಅಗುಳು ಇಟ್ಟಳು. ಕಾಡಿಗಪ್ಪ ಹತ್ತಿರ ಬಗ್ಗಿ ನೋಡಿದ. ಮರಿಯ ಗಂಟಲು ಒಂದು ಸಲ ಅಲುಗಿತು, ಇನ್ನೊಂದು ಸಲ ಅಲುಗಿತು. ಆಮೇಲೆ ಅದು ಕತ್ತೆತ್ತಿ, ಇನ್ನೂ ಬೇಕು ಎಂದು ಬಾಯಿ ತೆರೆಯಿತು. ಕಾಡಿಗಪ್ಪ ಅತ್ತುಬಿಟ್ಟ.

ತಾನು ಯಾರ ಅಪ್ಪಯ್ಯ, ಯಾರ ಅಜ್ಜಿ ಎಂಬುದು ಅವನಿಗೆ ಇವತ್ತಿಗೂ ಗೊತ್ತಾಗಿಲ್ಲ. ಹಾಗೆ ನೋಡಿದರೆ ನನಗೂ ಗೊತ್ತಿಲ್ಲ ಮಕ್ಕಳೇ. ಆದರೆ ಈಗ ಘಟ್ಟದಲ್ಲಿ ಪಿಂಡ ಇಟ್ಟವರು ಕೈಮುಗಿಯುವ ಮೊದಲೇ ಕಾಗೆ ಬಂದು ಮುಟ್ಟಿ, ಕಚ್ಚಿಕೊಂಡು ಹಾರಿರುತ್ತದೆ. "ನಮ್ಮಜ್ಜನಿಗೆ ಎಷ್ಟು ಬೇಗ ತೃಪ್ತಿಯಾಯ್ತು!" ಎಂದು ಜನ ಕಣ್ಣೊರೆಸಿಕೊಳ್ಳುತ್ತಾರೆ. ಅದನ್ನು ಕೇಳಿಸಿಕೊಳ್ಳಲು ಕಾಡಿಗಪ್ಪನಿಗೆ ಪುರಸೊತ್ತಿಲ್ಲ.

ನೀತಿ: ನಮ್ಮ ಮೂಲಕ ಇನ್ನೊಬ್ಬರಿಗೆ ಸಲ್ಲುವ ಗೌರವ ನಮ್ಮದಲ್ಲ, ನಮಗಾಗಿ ಬಾಯಿ ತೆರೆದು ಕಾದವರ ಹಸಿವು ಮಾತ್ರ ನಮ್ಮದು.