ತಪ್ಪು ಪುಸ್ತಕದ್ದಲ್ಲ

"ಕೇಳ್ರಪ್ಪೋ ಕೇಳ್ರಿ! ಉದ್ದಂಡರಾಯ ಮಹಾರಾಜರು ಸ್ವಂತ ಕೈಯಿಂದ ಬರೆದ ಕಂಪ್ಯೂಟರ್ ಪ್ರೋಗ್ರಾಮಿಂಗ್ ಕೈಪಿಡಿಯ ಬಗ್ಗೆ ರಾಜಕುಮಾರಿ ಚಿತ್ರಿಕೆಯವರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ಒಂದು ತಪ್ಪಿದರೂ ತಲೆ ಹೋಗುತ್ತದೆ!"

ಸಿಂಗಾರಪಟ್ಟಣದ ಬೀದಿಬೀದಿಯಲ್ಲಿ ಹೀಗೆ ಡಂಗುರ ಹೊಡೆಸಿದರು. ಆ ಕಾಲದಲ್ಲಿ ಕಂಪ್ಯೂಟರ್ ಎಲ್ಲಿತ್ತು ಎಂದು ನನ್ನನ್ನು ಕೇಳಬೇಡಿ. ಕತೆಯಲ್ಲಿ ಕುದುರೆ ಹಾರಿತೆಂದರೆ ತಲೆದೂಗುವವರು ನೀವು. ಊರ ಚಾವಡಿಯಲ್ಲಿ ಒಂದು ಕಂಪ್ಯೂಟರ್ ಇತ್ತೆಂದರೆ ನಂಬಲು ನಿಮಗೇನು ಕಷ್ಟ?

ಆ ರಾಜ್ಯದಲ್ಲಿ ಹರೆಯಕ್ಕೆ ಬಂದವರೆಲ್ಲ ಕೈಪಿಡಿ ಓದಿ ಪರೀಕ್ಷೆಗೆ ಕೂರಬೇಕಿತ್ತು. ಮನೆಯಲ್ಲಿ ಗುರುಗಳನ್ನಿಟ್ಟು ಕಲಿತ ಸಿರಿವಂತರ ಮಕ್ಕಳು ಪಾಸಾಗುತ್ತಿದ್ದರು. ಫೇಲಾದವರು ಅರಮನೆಯ ಬೀಸುವ ಮನೆಗೆ ಹೋಗುತ್ತಿದ್ದರು. ಅಲ್ಲಿ ದಿನಾ ಬೆಳಿಗ್ಗೆ ಬೀಸುಕಲ್ಲಿಗೆ ಕೈ ಹಚ್ಚುವ ಮುಂಚೆ ಎಲ್ಲರೂ ಗಟ್ಟಿಯಾಗಿ, "ತಪ್ಪು ಪುಸ್ತಕದ್ದಲ್ಲ, ನನ್ನದು" ಎಂದು ಹೇಳಬೇಕು. ಮೆಲ್ಲಗೆ ಹೇಳಿದವರಿಗೆ ಅಂದಿನ ಊಟವಿಲ್ಲ. ಈ ಪದ್ಧತಿ ತಂದವನ ಬಾಯಿಗೆ ಮಣ್ಣು ಬೀಳಲಿ.

ಕಂಬಳಿ ನೇಯುವ ಮಾಳಿಂಗನ ಅಕ್ಕ ಭೀಮವ್ವ ಆ ಬೀಸುವ ಮನೆಯಲ್ಲಿದ್ದಳು. ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳೇ. ಕೈಪಿಡಿ ಅವನಿಗೂ ಅರ್ಥವಾಗಿರಲಿಲ್ಲ. ಆದರೆ ಅಕ್ಕ ಓದುವಾಗ ಪಕ್ಕದಲ್ಲೇ ಕೂತು, ಅವಳು ಎಲ್ಲೆಲ್ಲಿ ಎಡವಿದಳೆಂದು ಕಣ್ಣಾರೆ ನೋಡಿದ್ದ. ಬೇಡಿದ್ದು ಸಿಗುತ್ತದೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮಗ್ಗ ಬಿಟ್ಟು ಎದ್ದ.

ಸಭೆ ತುಂಬಿತ್ತು. ಹೇಗಿದ್ದರೂ ಉತ್ತರಗಳೆಲ್ಲ ಹೊಗಳಿಕೆಯೇ ಆಗಿರುತ್ತವೆ ಎಂಬ ಧೈರ್ಯದಲ್ಲಿ ರಾಜ, ಮಗಳ ತೀರ್ಪೇ ಕೊನೆಯದೆಂದು ಎಲ್ಲರೆದುರು ಮಾತು ಕೊಟ್ಟು ಕೂತಿದ್ದ.

ರಾಜಕುಮಾರಿ ಮೊದಲ ಒಗಟು ಕೇಳಿದಳು. "ಅದು ಕೈಪಿಡಿಯ ಮೊದಲ ಪುಟದಲ್ಲೇ ಇರಬೇಕಿತ್ತು, ಇಲ್ಲ. ಬರೆದವರಿಗೆ ಅದು ಎಷ್ಟು ರೂಢಿಯೆಂದರೆ, ಇಲ್ಲವೆಂಬುದೇ ಕಾಣಲಿಲ್ಲ. ಓದುವವರು ಅದಿಲ್ಲದೆ ಮುಂದೆ ಹೋಗಲಾರರು. ಏನದು?"

ಆಸ್ಥಾನ ಪಂಡಿತರು ಶಾಲು ಸರಿಮಾಡಿಕೊಂಡು ಎದ್ದರು. "ಕೈಪಿಡಿಯಲ್ಲಿ ಇಲ್ಲದ್ದೆಂದರೆ ಒಂದೇ ತಾಯೀ, ಕೊರತೆ!" ಸಭೆ ಚಪ್ಪಾಳೆ ತಟ್ಟಿತು. ರಾಜ ಉಂಗುರ ತೆಗೆಯಲು ಬೆರಳಿಗೆ ಕೈ ಹಾಕಿದ.

"ತಪ್ಪು" ಎಂದಳು ರಾಜಕುಮಾರಿ. ಪಂಡಿತರನ್ನು ಎಳೆದೊಯ್ದರು. ಆಮೇಲೆ ಪಕ್ಕದ ರಾಜ್ಯದ ಯುವರಾಜ ಎದ್ದು, "ಮಹಾರಾಜರ ಭಾವಚಿತ್ರ" ಎಂದ. ರಾಜನಿಗೆ ಆ ಉತ್ತರ ತುಂಬ ಹಿಡಿಸಿತು, ಆದರೂ ತಲೆ ಉಳಿಯಲಿಲ್ಲ. ಉಳಿದವರು ಕಂಬದ ಹಿಂದೆ ಸರಿದರು.

ಮಾಳಿಂಗ ಮುಂದೆ ಬಂದ.

"ನೀನು ಪರೀಕ್ಷೆ ಪಾಸಾದವನೇನೋ?" ಎಂದ ರಾಜ.

"ಇನ್ನಾ ಕುಂತಿಲ್ರಿ. ಕುಂತ್ರ ಫೇಲ್ ಆಗಾಂವನ" ಎಂದು ರಾಜಕುಮಾರಿಯ ಕಡೆ ತಿರುಗಿದ. "ತಾಯೀ, ಪುಸ್ತಕದಾಗ ಮೊದಲನೇ ಮಾತು, ಪ್ರೋಗ್ರಾಂ ಬರೆದು ಓಡಿಸಿ ಅಂತ ಐತ್ರಿ. ಎಲ್ಲಿ ಬರೀಬೇಕು ಅನ್ನೋದ ಇಲ್ಲ. ನಮ್ಮಕ್ಕ ಪಾಟಿ ಮ್ಯಾಲ ಬಳಪದ್ಲೆ ಬರದು, ಕಂಪ್ಯೂಟರ್ ಮುಂದ ಹಿಡಕೊಂಡು ಸಂಜೀತನಕ ನಿಂತಿದ್ಳು. ಬಲ್ಲವರು ತಮಗ ಗೊತ್ತೈತಿ ಅಂತ ಬಿಟ್ಟ ಹೆಜ್ಜಿ, ಅದ ಉತ್ತರಾ."

ಸಭೆ ಬಿದ್ದುಬಿದ್ದು ನಕ್ಕಿತು. ರಾಜಕುಮಾರಿ ನಗಲಿಲ್ಲ. "ಸರಿ. ಕೈಪಿಡಿಯ ಒಳಗೆ ಎಲ್ಲರೂ ಗೆಲ್ಲುತ್ತಾರೆ, ಹೊರಗೆ ಬಂದವರೆಲ್ಲ ಸೋಲುತ್ತಾರೆ. ಯಾಕೆ?"

"ಅದರಾಗ ತಪ್ಪ ಇಲ್ರಿ, ಅದಕ್ಕ. ಬರದದ್ದೆಲ್ಲಾ ಒಂದ ಸಲಕ್ಕ ಸರಿ ಆಗತೈತಿ. ಆಮ್ಯಾಲ ಹೆಂಗೋ ಚಾವಡಿಯಾಗ ನೋಡಿ ಕಲಿತು ಅಕ್ಕ ಬರದ್ಳು. ಒಂದು ಚುಕ್ಕಿ ಬಿಟ್ಟಿತ್ತು, ಪರದಿ ತುಂಬಾ ಕೆಂಪು ಅಕ್ಷರ ಬಂದ್ವು. ಹಿಂಗಾದ್ರ ಏನ್ ಮಾಡಬೇಕಂತ ಪುಸ್ತಕ ಎಲ್ಲಾ ತಿರುವಿದ್ವಿ, ಒಂದ ಮಾತಿಲ್ಲ. ಬರದವರೂ ಹಂಗ ತಪ್ಪಿರತಾರ. ಅಳಿಸಿ ಹಾಕ್ಯಾರ."

ರಾಜನ ಮುಖ ಕೆಂಪಾಯಿತು. ರಾಜಕುಮಾರಿಯ ದನಿ ಸಣ್ಣದಾಯಿತು. "ಕೊನೆಯದು. ಕೆಟ್ಟ ಕೈಪಿಡಿ ಓದಿದವರೊಳಗೆ ಒಂದನ್ನು ಬಿಟ್ಟುಹೋಗುತ್ತದೆ. ಪುಸ್ತಕ ಸುಟ್ಟರೂ ಅದು ಸುಡುವುದಿಲ್ಲ. ಏನದು?"

ಮಾಳಿಂಗ ಅಕ್ಕನ ಮಾತನ್ನೇ ಹೇಳಿದ. "ನಾ ದಡ್ಡಿ ಅನ್ನೋ ನಂಬಿಕಿ, ತಾಯೀ."

"ಮೂರೂ ಸರಿ" ಎಂದು ರಾಜಕುಮಾರಿ ಎದ್ದು ನಿಂತಳು. "ಪುಸ್ತಕ ಹೇಗಿದೆಯೆಂದು ಎಲ್ಲರೂ ಪಾಸಾದವರನ್ನೇ ಕೇಳಿದಿರಿ. ಎಡವಿದವರನ್ನು ಕೇಳಬೇಕಿತ್ತು. ನಾನೂ ಎಡವಿದವಳೇ. ನನ್ನ ಉತ್ತರಗಳನ್ನು ಅಪ್ಪಾಜಿಯೇ ಬರೆದರು. ರಾಜನ ಮಗಳಲ್ಲವೇ, ಬೀಸುಕಲ್ಲು ತಪ್ಪಿತು."

ರಾಜ ಹಲ್ಲು ಕಚ್ಚಿ, "ಬೇಡಿಕೋ" ಎಂದ.

"ಅಕ್ಕನ್ನ ಬಿಡ್ರಿ. ಆ ಪುಸ್ತಕ ತಿದ್ದಸ್ರಿ."

"ಎರಡು ಬೇಡಿದೆ. ಒಂದು ಹೇಳು."

ಮಾಳಿಂಗ ಬೀಸುವ ಮನೆಯ ಕಡೆ ನೋಡಿದ. ಅಲ್ಲಿ ಊರಿನ ಅರ್ಧ ಜನರಿದ್ದರು. "ಅಕ್ಕ" ಎಂದ. ಯಾರು ಅವನನ್ನು ಬೈಯುತ್ತೀರೋ ಬೈಯಿರಿ, ನನಗಂತೂ ಬಾಯಿ ಬರುವುದಿಲ್ಲ.

ಕೈಪಿಡಿ ಮತ್ತೆ ಅಚ್ಚಾಯಿತು, ಒಂದಕ್ಷರ ಬದಲಾಗಲಿಲ್ಲ. ರಟ್ಟಿನ ಮೇಲೆ ಮಾತ್ರ ಹೊಸದಾಗಿ, 'ಒಗಟು ಗೆದ್ದ ಮಾಳಿಂಗನೂ ಓದಿದ ಪುಸ್ತಕ' ಎಂದು ಬಂಗಾರದ ಅಕ್ಷರದಲ್ಲಿ ಹಾಕಿಸಿದರು.

ಮಾಳಿಂಗ ಅಕ್ಕನನ್ನು ಬಿಡಿಸಿಕೊಂಡು ಹೊರಡುವಾಗ ರಾಜಕುಮಾರಿ, ತಾನು ಆಮೇಲೆ ತಡಕಾಡಿ ಕಲಿತಿದ್ದ ಆ ಬಿಟ್ಟುಹೋದ ಹೆಜ್ಜೆಯನ್ನೂ ಕೆಂಪು ಅಕ್ಷರದ ಮದ್ದನ್ನೂ ಅವನಿಗೆ ತೋರಿಸಿಕೊಟ್ಟಿದ್ದಳು. ಅವನು ಅಕ್ಕನನ್ನು ಚಾವಡಿಗೆ ಕರೆದೊಯ್ದು ಕಂಪ್ಯೂಟರ್ ಮುಂದೆ ಕೂರಿಸಿದ. ಅವಳು ಬರೆದಳು, ತಪ್ಪಿದಳು, ತಿದ್ದಿದಳು. ಪರದೆಯ ಮೇಲೆ ಅವಳ ಹೆಸರು ಮೂಡಿತು.

"ನೋಡಬೇ ಅಕ್ಕಾ, ನೀನ ಮಾಡಿದಿ!"

"ನಾ ಅಲ್ಲ ತಮ್ಮಾ, ನೀ ಮಾಡಿದಿ" ಎಂದು ಅವಳು ಎದ್ದುಬಿಟ್ಟಳು.

ಮರುದಿನ ಬೆಳಿಗ್ಗೆ ಮಾಳಿಂಗ ರೊಟ್ಟಿ ತಟ್ಟಿ, ಅಕ್ಕನಿಗೆಂದು ತಟ್ಟೆ ತುಂಬಿಸಿ ತಂದ. ಅವಳು ಮನೆಯ ಬೀಸುಕಲ್ಲಿನ ಮುಂದೆ ಕೂತಿದ್ದಳು. ಗೂಟಕ್ಕೆ ಕೈ ಹಚ್ಚುವ ಮುಂಚೆ ಓಣಿಗೆಲ್ಲ ಕೇಳುವ ಹಾಗೆ ಹೇಳಿದಳು, "ತಪ್ಪು ಪುಸ್ತಕದ್ದಲ್ಲ, ನನ್ನದು."

"ಅಕ್ಕಾ, ಇದು ನಮ್ಮನಿ. ಇಲ್ಲಿ ಯಾರ್ ಕೇಳತಾರ ನಿನ್ನ?"

ಭೀಮವ್ವ ಅವನ ಕೈಯಲ್ಲಿದ್ದ ತಟ್ಟೆಯನ್ನೇ ನೋಡಿದಳು.

"ಗಟ್ಟಿಯಾಗಿ ಹೇಳಿದ್ನಿಲ್ಲೋ ತಮ್ಮಾ? ಇನ್ನ ನಾ ಉಣ್ಣಲಿ?"