ಮುಂಬೈಯಲ್ಲಿ ಹಾಕಿದ ಸಹಿ

ಗದಗಿನಲ್ಲಿ ಬಟ್ಟೆ ಹೊಲಿಯುವ ಶಿವಗಂಗವ್ವನ ಷೇರುಗಳನ್ನು ಬ್ರೋಕರ್ ಕಂಪನಿಯೊಂದು ಅವಳನ್ನು ಕೇಳದೆಯೇ ಮಾರಿಬಿಟ್ಟಿತು. ಅವಳು ಊರಿನ ಕೋರ್ಟಿನಲ್ಲಿ ದಾವೆ ಹೂಡಿದಳು. ದಾವೆ ಮುಂಬೈಯಲ್ಲೇ ನಡೆಯಬೇಕೆಂದು ಕಂಪನಿ ಹಟ ಹಿಡಿಯಿತು. ಆ ವಾದದಲ್ಲೇ ಎರಡು ವರ್ಷ ಕಳೆದು, ಅಲೆದಲೆದು ಅವಳು ದಣಿದುಹೋಗಿದ್ದಳು.

ಅಂದಿನ ವಿಚಾರಣೆಯಲ್ಲಿ ಕಂಪನಿಯ ವಕೀಲರು ನ್ಯಾಯಾಧೀಶರಿಗೆ ಎದೆಯುಬ್ಬಿಸಿ ಹೇಳಿದರು: "ಸ್ವಾಮಿ, ಮಾರಾಟ ಆದದ್ದು ಮುಂಬೈಯಲ್ಲಿ. ಒಪ್ಪಿಗೆ ಪತ್ರಕ್ಕೆ ಈಕೆ ಸಹಿ ಹಾಕಿದ್ದೂ ಮುಂಬೈ ಆಫೀಸಿನಲ್ಲೇ. ಗದಗಿಗೂ ಇದಕ್ಕೂ ಸಂಬಂಧವೇ ಇಲ್ಲ."

ಶಿವಗಂಗವ್ವ ಮೆಲ್ಲಗೆ ಎದ್ದಳು. "ನಾ ಖುದ್ದ ಬಂದಿದ್ನೇನ್ರಿ? ಯಾವತ್ತು?"

"ಖುದ್ದಾಗಿಯೇ ಬಂದಿದ್ದಿರಿ. ಮಾರ್ಚ್ ಒಂಬತ್ತಕ್ಕೆ."

"ಅವತ್ತು ನೆರೆಮನಿಯವರ ಕೇಸಿನಾಗ ಇದೇ ಕೋರ್ಟಿಗೆ ಬಂದು ಸಾಕ್ಷಿ ಹೇಳೇನ್ರಿ. ಸಾಹೇಬ್ರ, ಕಡತ ತೆಗಸಿ ನೋಡ್ರಿ."

ನ್ಯಾಯಾಧೀಶರು ಕಡತ ತರಿಸಿದರು. ಮಾತು ನಿಜವಾಗಿತ್ತು.

"ಹಾಗಾದರೆ ಈ ಸಹಿ ಖೋಟಾನೇ, ವಕೀಲರೆ?"

ವಕೀಲರು ಬೆವರೊರೆಸಿಕೊಂಡರು. "ಇಲ್ಲ ಸ್ವಾಮಿ, ಇಲ್ಲ! ನಮ್ಮವರೇ ಗದಗಿಗೆ ಬಂದು, ಈಕೆಯ ಮನೆಯಲ್ಲೇ ಸಹಿ ಹಾಕಿಸಿಕೊಂಡರು."

"ಗದಗಿನಲ್ಲೇ? ಹಾಗಾದರೆ ದಾವೆಯೂ ಗದಗಿನಲ್ಲೇ ನಡೆಯಲಿ," ಎಂದರು ನ್ಯಾಯಾಧೀಶರು.

ಕೋರ್ಟಿನಲ್ಲಿದ್ದವರೆಲ್ಲ ನಕ್ಕರು. ಶಿವಗಂಗವ್ವ ಮಾತ್ರ ನಗಲಿಲ್ಲ.

"ಅಂದ್ರ ಸಾಹೇಬ್ರ, ಕೇಸು ಇನ್ನ ಈಗ ಶುರು ಆಗೋದೇನ್ರಿ?" ಎಂದವಳೇ ಬೆಂಚಿನ ಮೇಲೆ ಕುಸಿದು ಕುಳಿತಳು.